ಮೂವತ್ತೆಂಟನೇ ನಂಬರಿನ ಎಡ ಬಾಗಿಲು

ಮಲೇಷ್ಯಾಕ್ಕೆ ಹೋಗಿ ಬಂದವರೆಲ್ಲ ಅವಳಿ ಗೋಪುರದ ಮುಂದೆ ನಿಂತ ಫೋಟೊ ತೋರಿಸುತ್ತಾರೆ. ನನ್ನ ಫೋನಿನಲ್ಲಿರುವುದು ಒಂದು ಕಾರಿನ ಎಡ ಬಾಗಿಲಿನ ಒಳಮೈ. ಬಿಳಿ ಬಣ್ಣದ ತಗಡು, ಅದರ ಮೇಲೆ ಏನೂ ಇಲ್ಲ. ದಾವಣಗೆರೆಯಲ್ಲಿ ಈ ಫೋಟೊ ನೋಡಿದ ಗೆಳತಿಯರು ನನ್ನ ಮುಖ ನೋಡುತ್ತಾರೆ, ಅರುವತ್ತೊಂದಕ್ಕೇ ಅರಳುಮರಳೇ ಎನ್ನುವ ಹಾಗೆ. ಅದರ ಮೇಲೆ ಏನೂ ಇಲ್ಲದ ಹಾಗೆ ಮಾಡಿದವಳು ನಾನೇ ಎಂದು ಹೇಳಿಕೊಳ್ಳಲು ನನಗೆ ಸ್ವಲ್ಪ ದಿನ ಬೇಕಾಯಿತು.

ಮೆಲಾಕಾ, ಪೋರ್ಚಿನ ನೆರಳು

ನನ್ನ ತಮ್ಮ ಸುಧಾಕರ ಮೆಲಾಕಾದ ಒಂದು ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಪಾಠ ಮಾಡುತ್ತಾನೆ. ಹದಿನಾಲ್ಕು ವರ್ಷದ ಹಿಂದೆ ಮಣಿಪಾಲದ ಗೆಳೆಯರ ಜೊತೆ ಬಂದವನು ಅಲ್ಲೇ ಉಳಿದ. ಮದುವೆಯಾಗಲಿಲ್ಲ. ಫೋನಿನಲ್ಲಿ ಮಾತಾಡಿದಾಗಲೆಲ್ಲ “ನನ್ನ ಹತ್ರ ಒಂದು ರೇಸ್ ಕಾರಿದೆ ಅಕ್ಕಾ” ಎನ್ನುತ್ತಿದ್ದ. ಟಿವಿಯಲ್ಲಿ ತೋರಿಸುತ್ತಾರಲ್ಲ, ನೆಲಕ್ಕೆ ಅಂಟಿಕೊಂಡು ಥಳಥಳ ಹೊಳೆಯುವಂಥದ್ದು, ಅದನ್ನೇ ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಹೆಂಡತಿಯ ಬದಲು ಕಾರನ್ನು ಕಟ್ಟಿಕೊಂಡಿದ್ದಾನೆ, ಕೊನೆಗೆ ಅದಾದರೂ ಚೆಂದವಿರಲಿ ಎಂದುಕೊಂಡಿದ್ದೆ.

ಮನೆ ಮುಂದೆ ಇಳಿದಾಗ ಕಂಡದ್ದು ನಾಲ್ಕು ಬಾಗಿಲಿನ ಒಂದು ಸಾಧಾರಣ ಕಾರು. ಈ ದೇಶದಲ್ಲೇ ತಯಾರಾದದ್ದು, ಒಂದು ಕಾಲಕ್ಕೆ ಇಲ್ಲಿನ ಮೇಷ್ಟ್ರುಗಳು, ಗುಮಾಸ್ತರು ಓಡಿಸುತ್ತಿದ್ದಂಥದ್ದು. ಒಳಗೆ ಒಂದೇ ಒಂದು ಸೀಟು. ಹಿಂದಿನ ಸೀಟಿನ ಜಾಗದಲ್ಲಿ ಕಬ್ಬಿಣದ ಪೈಪುಗಳು ಅಡ್ಡಾದಿಡ್ಡಿ. ಬಾಗಿಲುಗಳಿಗೆ ಒಳಹೊದಿಕೆ ಇಲ್ಲ, ಬರೀ ತಗಡು. ಬಾನೆಟ್ಟಿನ ಮೇಲೆ ಕರಿ ಜಿಡ್ಡು, ಅದಕ್ಕೆ ಅಂಟಿ ಸತ್ತ ಹುಳುಗಳು. ಪಕ್ಕದಲ್ಲಿ 38 ಎಂಬ ಅಂಕಿ. ಈ ಗುಜರಿ ಪೋರ್ಚಿನ ನೆರಳಿನಲ್ಲಿ, ತಮ್ಮ ದಿನಾ ಓಡಿಸುವ ಒಳ್ಳೆಯ ಕಾರು ರಸ್ತೆಯ ಬಿಸಿಲಿನಲ್ಲಿ! ನಾನು ಬ್ಯಾಗು ಕೆಳಗಿಡುವುದನ್ನೂ ಮರೆತು ನಿಂತುಬಿಟ್ಟೆ.

“ಇದಾ ನಿನ್ನ ರೇಸ್ ಕಾರು?”

“ಅಕ್ಕಾ, ಇದು ಹನ್ನೆರಡು ಗಂಟೆ ಓಡಿದ ಕಾರು. ಪೆಟ್ರೋಲಿಗೆ, ಆಯಿಲಿಗೆ, ಡ್ರೈವರ್ ಚೇಂಜಿಗೆ ಬಿಟ್ರೆ ನಿಂತೇ ಇಲ್ಲ.”

“ಗೆದ್ದಿತಾ?”

“ಇಲ್ಲ, ಲಾಸ್ಟ್ ಬಂತು.”

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಇವನು ಹೆರದೆಯೇ ಮುದ್ದು ಮಾಡುತ್ತಿದ್ದ. ಕಾಫಿ ಕುಡಿಯುತ್ತಾ ಎಲ್ಲ ವಿವರಿಸಿದ. ಈ ಕಾರು ಓಡುತ್ತಿದ್ದ ಕಾಲದಲ್ಲಿ ಶಾ ಆಲಂ ಎಂಬ ಊರಿನ ಕಡೆ ಒಂದು ಟ್ರ್ಯಾಕ್ ಇತ್ತಂತೆ. ಬೆಳಗಿನಿಂದ ಸಂಜೆಯವರೆಗೆ ಹನ್ನೆರಡು ಗಂಟೆಯ ಓಟ. ವೇಗಕ್ಕಿಂತ ಹೆಚ್ಚಾಗಿ ಗಾಡಿ ಕೆಡದೆ ಉಳಿಯಬೇಕು, ಅದೇ ಪರೀಕ್ಷೆ. ಮೂಲೆಯ ಗ್ಯಾರೇಜಿನವರೂ ಇದ್ದಬದ್ದ ಕಾರಿಗೆ ನಂಬರು ಬರೆದು ಇಳಿಯುತ್ತಿದ್ದರು. ಆಮೇಲೆ ದೊಡ್ಡ ದುಡ್ಡಿನ ಕಾರುಗಳು ಬಂದವು, ಗ್ಯಾರೇಜಿನವರು ಹಿಂದೆ ಸರಿದರು, ಕೊನೆಗೆ ಆ ಟ್ರ್ಯಾಕನ್ನೇ ಒಡೆದು ಮನೆ ಕಟ್ಟಿದರು. ಗೆದ್ದ ಕಾರುಗಳು ಫೋಟೊಗಳಲ್ಲಾದರೂ ಉಳಿದವು. ಕೊನೆಯಲ್ಲಿ ಬಂದದ್ದನ್ನು ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ.

ಈಗ ಆ ಟ್ರ್ಯಾಕಿನ ಕಾರುಗಳದ್ದೇ ಒಂದು ಪ್ರದರ್ಶನ ಮಾಡುವವರಿದ್ದಾರೆ. ಅದನ್ನು ನೋಡಿಕೊಳ್ಳುವ ಪುವಾನ್ ರೊಸ್ನಾ ಎಂಬಾಕೆ (ಹೆಂಗಸರಿಗೆ ಇಲ್ಲಿ ಗೌರವದಿಂದ ಪುವಾನ್ ಎನ್ನುತ್ತಾರೆ) ಬರುವ ವಾರ ಈ ಕಾರನ್ನು ನೋಡಲು ಬರುತ್ತಾರೆ. ಅವರು ಒಪ್ಪಿದರೆ ಕಾರಿಗೆ ಶಾಶ್ವತವಾಗಿ ಒಂದು ಜಾಗ. ಒಪ್ಪದಿದ್ದರೆ ಗುಜರಿಯೇ ಗತಿ, ಏಕೆಂದರೆ ವರ್ಷದ ಕೊನೆಗೆ ಸುಧಾಕರನ ಕೆಲಸ ಮುಗಿಯುತ್ತದೆ, ಮನೆ ಖಾಲಿ ಮಾಡಬೇಕು, ರಸ್ತೆಗಿಳಿಸಲು ಈ ಕಾರಿಗೆ ಕಾಗದಪತ್ರವೇ ಇಲ್ಲ.

“ಒಪ್ಪೋದಕ್ಕೆ ಏನು ಬೇಕಂತೆ?”

“ಪೂರಾ ಹನ್ನೆರಡು ಗಂಟೆ ಓಡಿತು ಅನ್ನೋದಕ್ಕೆ ಪ್ರೂಫ್. ಅದು ಕಾರಿನಲ್ಲೇ ಇದೆ ಬಿಡು. ನೀನು ಹತ್ರ ಹೋಗ್ಬೇಡ, ಸೀರೆಗೆ ಗ್ರೀಸ್ ಅಂಟುತ್ತೆ.”

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು ನಾನು. ಪ್ರೂಫ್ ಎಂದರೆ ಸಹಿ, ಸೀಲು ಇರುವ ಕಾಗದ ಎಂದೇ ನನ್ನ ತಲೆಯಲ್ಲಿ ಕೂತಿದೆ.

ಪೆಟಾಲಿಂಗ್ ಜಯಾ, ಒಂದು ಶೆಡ್

ಶನಿವಾರ ಆರುಮುಗಂ ಅವರನ್ನು ನೋಡಲು ಹೋದೆವು. ಕಾರನ್ನು ತಮ್ಮನಿಗೆ ಕೊಟ್ಟವರು ಇವರೇ. ದಾರಿಯುದ್ದಕ್ಕೂ ಎಣ್ಣೆತಾಳೆ ಮರಗಳು, ಒಂದು ಗೂಡಂಗಡಿ ಕೂಡ ಕಾಣದ ಹೆದ್ದಾರಿ. ಹಾರನ್ ಸದ್ದೇ ಇಲ್ಲ. ಎರಡು ಗಂಟೆ ಪ್ರಯಾಣದಲ್ಲಿ ಯಾರೂ ಯಾರಿಗೂ ಹಾರನ್ ಹೊಡೆಯದ್ದು ಕಂಡು, ಇವರಿಗೆಲ್ಲ ಏನೋ ಬೇಜಾರಾಗಿದೆ ಅನ್ನಿಸಿತು.

ಊಟಕ್ಕೆ ಮಾಮಕ್ ಅಂಗಡಿಯಲ್ಲಿ ಕೂತೆವು. ತಮಿಳು ಮುಸ್ಲಿಮರು ನಡೆಸುವ ಹೋಟೆಲಿಗೆ ಇಲ್ಲಿ ಮಾಮಕ್ ಎನ್ನುತ್ತಾರೆ, ಯಾವ ಹೊತ್ತಿಗೆ ಹೋದರೂ ತೆರೆದಿರುತ್ತದೆ. ಪರೋಟದಂಥ ರೊಟ್ಟಿಗೆ ನಮ್ಮ ಸಾಂಬಾರಿನ ದೂರದ ಸಂಬಂಧಿಯೊಂದನ್ನು ಸುರಿದು ಕೊಟ್ಟರು. ಚಟ್ನಿ ಕೇಳಿದ್ದಕ್ಕೆ ಸುಧಾಕರ ಮೇಜಿನ ಕೆಳಗೆ ನನ್ನ ಕಾಲು ಒತ್ತಿದ. ಬೆಣ್ಣೆ ದೋಸೆಯ ಊರಿನವಳಿಗೆ ಚಟ್ನಿ ಕೇಳಬೇಡ ಎಂದರೆ ಹೇಗೆ?

ಆರುಮುಗಂ ಎಪ್ಪತ್ತು ದಾಟಿದವರು. ಸಣ್ಣ ಆಳು, ಬಗ್ಗಿದ ಬೆನ್ನು, ಉಗುರಿನ ಸಂದಿಯಲ್ಲಿ ಯಾವ ಸೋಪಿಗೂ ಬಗ್ಗದ ಕಪ್ಪು. ಶೆಡ್ಡಿನ ಗೋಡೆಯಲ್ಲಿ ಮುರುಗನ ಪಟ, ಅದರ ಪಕ್ಕ ಸ್ಪ್ಯಾನರುಗಳ ಸಾಲು. ಅವರ ತಮಿಳು, ಇಂಗ್ಲಿಷು, ಮಲಯ ಬೆರೆತ ಮಾತನ್ನು ಅರ್ಧ ನಾನೇ ಅರ್ಥಮಾಡಿಕೊಂಡೆ, ಇನ್ನರ್ಧ ತಮ್ಮ ಹೇಳಿದ. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ, ಅಲ್ಲಿನವರು ಮಾತಿನ ಕೊನೆಗೆ ಸುಮ್ಮನೆ ಸೇರಿಸುವ ‘ಲಾ’ ಒಂದನ್ನು ಬಿಟ್ಟು.

“ನಾನು ಡ್ರೈವರ್ ಅಲ್ಲ ಅಕ್ಕಾ, ಮೆಕ್ಯಾನಿಕ್. ಇಬ್ಬರು ಫ್ರೆಂಡ್ಸ್ ಓಡಿಸ್ತಿದ್ರು. ಹತ್ತನೇ ಗಂಟೆಗೆ ಒಬ್ಬನಿಗೆ ಬಿಸಿಲಿಗೆ ವಾಂತಿ, ಇನ್ನೊಬ್ಬನಿಗೆ ಕೈ ಎತ್ತೋಕಾಗಲ್ಲ. ಇಷ್ಟು ದೂರ ಬಂದು ಬಿಡೋದು ಹೇಗೆ ಲಾ? ಅವನ ಹೆಲ್ಮೆಟ್ ಹಾಕ್ಕೊಂಡು ನಾನು ಕೂತೆ. ಗೇರು ಮೂರರಲ್ಲೇ ಸಿಕ್ಕಿಹಾಕ್ಕೊಂಡಿತ್ತು. ಮೂರರಲ್ಲೇ ಎರಡು ಗಂಟೆ ಓಡಿಸಿ ಮುಗಿಸಿದೆ.”

“ಆಮೇಲೆ?”

“ಆಮೇಲೇನು? ನಾವು ಬಂದಾಗ ಗೆದ್ದವರು ಸ್ಟೇಜ್ ಮೇಲಿದ್ರು. ಪೇಪರಿನಲ್ಲಿ ಮೊದಲ ಹತ್ತು ಕಾರಿನ ಹೆಸರು ಹಾಕಿದ್ರು. ಆ ಇಬ್ಬರೂ ಈಗಿಲ್ಲ. ಮಗಳಿಗೆ ಹೇಳಿದ್ರೆ ‘ಓಕೆ ಅಪ್ಪಾ’ ಅಂತ ಫೋನ್ ನೋಡ್ತಾಳೆ.” ಅವರು ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದರು. “ನಾನು ಹೇಳಿ ಹೇಳಿ ಸಾಕಾಯ್ತು ಅಕ್ಕಾ. ಸಾಯೋದ್ರೊಳಗೆ ಒಂದು ಸಲ ಬೇರೆ ಯಾರಾದ್ರೂ ಹೇಳಲಿ, ಈ ಕಾರು ಮುಗಿಸಿತು ಅಂತ.”

ಬರುವಾಗ ಗೇಲಿ ಮಾಡಿಕೊಂಡು ಬಂದವಳು, ವಾಪಸು ಹೋಗುವಾಗ ಆ ಕಾರಿಗೆ ಏನಾದರೂ ಒಳ್ಳೆಯದು ಮಾಡಬೇಕು ಎಂದು ನಿರ್ಧರಿಸಿಬಿಟ್ಟಿದ್ದೆ. ಆ ನಿರ್ಧಾರಕ್ಕೆ ಬೆಂಕಿ ಬೀಳಲಿ.

ಮೆಲಾಕಾ, ಆಯುಧ ಪೂಜೆಯ ಬೆಳಿಗ್ಗೆ

ರೊಸ್ನಾ ಬರುವ ದಿನವೇ ಆಯುಧ ಪೂಜೆ ಬಿದ್ದಿತ್ತು. ಇಲ್ಲಿ ಅದಕ್ಕೆ ರಜೆಯಿಲ್ಲ. ಸುಧಾಕರ ಬೆಳಿಗ್ಗೆಯೇ ಕಾಲೇಜಿಗೆ ಹೋದ. ಮಧ್ಯಾಹ್ನ ಬಸ್ಸಿಗೆ ಬರುವ ಆರುಮುಗಂ ಅವರನ್ನು ಕರೆದುಕೊಂಡು ಮನೆಗೆ ಬರುತ್ತೇನೆ, ರೊಸ್ನಾ ನಾಲ್ಕಕ್ಕೆ ಬರುತ್ತಾರೆ ಎಂದಿದ್ದ.

ನಮ್ಮ ಅಪ್ಪ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದವರು. ಪೂಜೆಯ ಹಿಂದಿನ ದಿನ ಯಂತ್ರದ ಮೇಲೆ ಒಂದು ಚುಕ್ಕೆ ಜಿಡ್ಡು ಉಳಿದರೂ ಅವರಿಗೆ ನಿದ್ದೆ ಬರುತ್ತಿರಲಿಲ್ಲ. ಕೊಳೆ ಇರುವ ಕಬ್ಬಿಣಕ್ಕೆ ಕುಂಕುಮ ಇಡಬಾರದು ಎನ್ನುತ್ತಿದ್ದರು. ಮನೆಗೆ ದೊಡ್ಡ ಅತಿಥಿ ಬರುವ ದಿನ, ಹಬ್ಬದ ದಿನ, ಹೆಣ್ಣು ನೋಡಲು ಬರುವವರ ಮುಂದೆ ಮಗಳನ್ನು ಕೊಳೆ ಬಟ್ಟೆಯಲ್ಲಿ ಕೂರಿಸುತ್ತಾರೆಯೇ?

ಮೊದಲು ಕಾಗದಗಳನ್ನು ಹುಡುಕಿದೆ. ಸೀಟಿನ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿ ಹಳೆಯ ಎರಡು ರಸೀದಿ ಸಿಕ್ಕವು. ಇದೇ ಪ್ರೂಫ್ ಎಂದು ಭಕ್ತಿಯಿಂದ ಒರೆಸಿ ದೇವರ ಮುಂದಿಟ್ಟೆ. ಆಮೇಲೆ ಸೆರಗು ಸಿಕ್ಕಿಸಿ ಪೈಪಿನಲ್ಲಿ ನೀರು ಬಿಟ್ಟೆ. ಬಾನೆಟ್ಟಿನ ಹುಳುಗಳಿಗೆ ಬಿಸಿನೀರು, ಜಿಡ್ಡಿಗೆ ಪಾತ್ರೆ ಸೋಪು. ಎಡ ಬಾಗಿಲಿನ ಒಳಗಡೆ ಯಾರೋ ಹಳದಿ ಮೇಣದ ಬಳಪದಲ್ಲಿ ಮೇಲಿಂದ ಕೆಳಗೆ ಅಂಕಿಗಳನ್ನು ಗೀಚಿದ್ದರು. ಗ್ಯಾರೇಜಿನವರ ಅಭ್ಯಾಸ, ಎಲ್ಲೆಂದರಲ್ಲಿ ಗೀಚುವುದು. ಅದು ಸೋಪಿಗೆ ಹೋಗಲಿಲ್ಲ. ನಾನೇನು ಸುಮ್ಮನೆ ವಿಜ್ಞಾನ ಪಾಠ ಮಾಡಿದ್ದೇ? ಮೇಣ ನೀರಿಗೆ ಕರಗುವುದಿಲ್ಲ, ಎಣ್ಣೆಗೆ ಕರಗುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು ತಿಕ್ಕಿದೆ. ಬಾಗಿಲು ಹಾಲಿನಂತೆ ಬೆಳ್ಳಗಾಯಿತು. ನನಗೆ ಬಹಳ ಸಂತೋಷವಾಯಿತು.

ವಿಭೂತಿ, ಕುಂಕುಮ, ಚೆಂಡು ಹೂವಿನ ಹಾರ. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು. ಬೂದುಗುಂಬಳಕಾಯಿಗೆ ಕುಂಕುಮ ತುಂಬಿ ಗೇಟಿನಾಚೆ ಒಡೆದಾಗ ಎದುರು ಮನೆಯ ಚೀನೀ ಅಜ್ಜಿ ಬೆಚ್ಚಿ ಬಾಗಿಲು ಹಾಕಿಕೊಂಡರು. ಐದು ನಿಮಿಷದ ಮೇಲೆ ಪೊರಕೆ ಹಿಡಿದು ಬಂದು, ಒಂದು ಮಾತಾಡದೆ ನನ್ನ ಜೊತೆ ಗುಡಿಸಿದರು.

ಮಧ್ಯಾಹ್ನ

ಸುಧಾಕರ ಗೇಟು ತೆರೆದವನು ಅಲ್ಲೇ ನಿಂತ. ಕೈಯಲ್ಲಿದ್ದ ಊಟದ ಪೊಟ್ಟಣ ಜಾರಿ ಬಿತ್ತು. ಮೆಚ್ಚುಗೆಯಿಂದ ಮಾತು ಹೊರಡುತ್ತಿಲ್ಲ ಎಂದು ನಾನು ನಗುತ್ತಾ ನಿಂತಿದ್ದೆ. ಅವನು ಓಡಿಬಂದು ಎಡ ಬಾಗಿಲು ತೆರೆದ.

“ಅಕ್ಕಾ… ಇಲ್ಲಿ ಬರೆದಿದ್ದು?”

“ಆ ಗೀಚಿದ್ದಾ? ಅದಕ್ಕೆ ಎಣ್ಣೇನೇ ಹಚ್ಚಬೇಕಾಯ್ತು ನೋಡು.”

“ಅದೇ ಕಣೇ ಪ್ರೂಫ್!” ಅವನ ದನಿ ಒಡೆಯಿತು. “ರೇಸ್ ನಡೀತಾ ಇರುವಾಗ ಒಂದೊಂದು ಗಂಟೆಗೂ ಆರುಮುಗಂ ಅಂಕಲ್ ಅಲ್ಲಿ ಬರೀತಿದ್ರು. ಎಷ್ಟನೇ ಗಂಟೆ, ಎಷ್ಟು ಆಯಿಲ್ ಹಾಕಿದ್ರು ಅಂತ. ಹನ್ನೆರಡು ಸಾಲು. ಅದರ ಫೋಟೊ ನೋಡಿಯೇ ಆಯಮ್ಮ ಬರ್ತಿರೋದು. ಫೋಟೊ ಯಾರು ಬೇಕಾದ್ರೂ ಮಾಡ್ಬಹುದು, ಕಣ್ಣಾರೆ ನೋಡ್ಬೇಕು ಅಂದಿದ್ರು. ಅಪ್ಪ ತೀರಿಹೋಗಿ ವಾರಕ್ಕೇ ಅವರ ನೋಟ್‌ಬುಕ್ಕೆಲ್ಲ ನೀನು ರದ್ದಿಗೆ ಹಾಕಿದೆ. ಈಗ ಇದು. ನಿಂಗೆ ಏನನ್ನೂ ಇದ್ದ ಹಾಗೆ ಬಿಡೋಕೆ ಬರಲ್ವಾ?”

ಕೊಳಾಯಿ ಹಿಡಿದುಕೊಂಡು ನಿಂತೆ. ಅಪ್ಪನ ನೋಟ್‌ಬುಕ್ಕಿನ ವಿಷಯ ಅವನು ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಎತ್ತಿರಲಿಲ್ಲ. ಆದರೆ ಆಗ ನನಗೆ ಅವನ ಮುಖ ನೋಡುವುದಕ್ಕಿಂತ ಹಿಂದೆ ನಿಂತಿದ್ದ ಆರುಮುಗಂ ಅವರ ಮುಖ ನೋಡುವುದು ಕಷ್ಟವಾಗಿತ್ತು. ಅವರು ಕಾರಿಗೆ ಒಂದು ಸುತ್ತು ಬಂದರು. ಬಾಗಿಲಿನ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ಕುಂಕುಮ ಮುಟ್ಟಿ ಹಣೆಗಿಟ್ಟುಕೊಂಡು, “ಅಕ್ಕಾ, ಸುಂಡಲ್ ಮಾಡಿದ್ದೀರಾ?” ಎಂದರು. ಕಡಲೆ ಉಸಲಿಯನ್ನು ಕೇಳುತ್ತಿದ್ದರು. ಇವರಿಗೆ ಆಘಾತದಿಂದ ತಲೆ ಕೆಟ್ಟಿತು ಎಂದು ನನಗೆ ಇನ್ನಷ್ಟು ಭಯವಾಯಿತು.

ಉಸಲಿ ತಂದುಕೊಟ್ಟೆ. ಅವರು ಮೆಟ್ಟಿಲ ಮೇಲೆ ಕೂತು ತಿಂದರು. ಆಗ ನಾನೊಂದು ಮಾತು ಆಡಿದೆ, ಅದನ್ನು ಬರೆಯಲು ನಾಚಿಕೆಯಾಗುತ್ತದೆ. “ಸುಧೀ, ಫೋಟೊ ಇದೆಯಲ್ಲ. ಹಳದಿ ಬಳಪ ತಗೊಂಡು ಬಾ. ನೋಡಿಕೊಂಡು ಹಾಗೇ ಬರೆದುಬಿಡೋಣ, ಯಾರಿಗೆ ಗೊತ್ತಾಗುತ್ತೆ?” ಕಾಪಿ ಹೊಡೆದ ಮಕ್ಕಳನ್ನು ಮೂವತ್ತು ವರ್ಷ ಬೆಂಚಿನ ಮೇಲೆ ನಿಲ್ಲಿಸಿದವಳ ಬಾಯಲ್ಲಿ ಬಂದ ಮಾತು ಇದು. ಅದಕ್ಕಿಂತ ದೊಡ್ಡ ಆಶ್ಚರ್ಯವೆಂದರೆ, ದಾರಿಯಲ್ಲಿ ಬಿದ್ದ ಪೆನ್ನನ್ನೂ ಎತ್ತಿಕೊಳ್ಳದ ನನ್ನ ತಮ್ಮ ಹೋಗಿ ಬಳಪ ತಂದ. ತಂದು ಆರುಮುಗಂ ಅವರ ಕೈಗಿಟ್ಟ.

“ಅಂಕಲ್, ನಿಮ್ಮದೇ ಕೈಬರಹ. ನಿಮ್ಮದೇ ಕಾರು. ಸುಳ್ಳೇನಿಲ್ಲ ಇದರಲ್ಲಿ.”

ಆರುಮುಗಂ ಬಳಪವನ್ನು ತಿರುಗಿಸಿ ತಿರುಗಿಸಿ ನೋಡಿದರು. ಬಾಗಿಲಿನ ತನಕ ಹೋದರು. ಕೈ ಎತ್ತಿದರು, ಇಳಿಸಿದರು.

“ಮೂರನೇ ಸಲ ಬರೆಯಲ್ಲ ಡಾಕ್ಟರ್.”

“ಮೂರನೇ ಸಲ?”

“ಓಟದ ದಿನ ಬರೆದದ್ದು ಮೊದಲನೇ ಸಲ. ಆ ವರ್ಷವೇ ಆಯುಧ ಪೂಜೆ ಬಂತು. ನಮ್ಮ ಶೆಡ್ಡಿನಲ್ಲೂ ಮಾಡ್ತೀವಲ್ಲ. ಪೂಜೆಗೆ ಗಾಡಿ ಕ್ಲೀನ್ ಇರಬೇಕು ಅಂತ ಸೀಮೆಎಣ್ಣೆ ಹಾಕಿ ನಾನೇ ಒರೆಸಿದೆ. ಅಕ್ಕ ಒರೆಸಿದ ಹಾಗೇ.” ಅವರು ನನ್ನ ಕಡೆ ನೋಡಲಿಲ್ಲ. “ಎಷ್ಟೋ ವರ್ಷ ಆದ್ಮೇಲೆ ಟ್ರ್ಯಾಕ್ ಒಡೆದ್ರು. ಆ ದಿನ ಶೆಡ್ಡಿಗೆ ಬಂದು ಎರಡನೇ ಸಲ ಬರೆದೆ. ನೆನಪಿನಿಂದ. ಎಂಟನೇ ಗಂಟೆ ಮಾತ್ರ ನೆನಪಾಗ್ಲಿಲ್ಲ, ಕೈಗೆ ಬಂದದ್ದು ಹಾಕಿದೆ. ನೀವು ಬಂದು ನೋಡಿ ಅಷ್ಟು ಖುಷಿ ಪಟ್ರಿ. ಆಗ ಹೇಳೋಕೆ ಬಾಯಿ ಬರಲಿಲ್ಲ.”

ಸುಧಾಕರ ನೆಲದ ಮೇಲೆ ಕುಸಿದು ಕೂತ. ಓಟದ ಗುರುತು ಅಳಿಯಬಾರದೆಂದು ಹನ್ನೆರಡು ವರ್ಷ ಈ ಕಾರಿಗೆ ನೀರು ತಾಗಿಸಿರಲಿಲ್ಲ ಅವನು.

“ಬಾನೆಟ್ ಮೇಲಿದ್ದ ಹುಳುಗಳು? ಅವು ರೇಸಿನವು ಅಲ್ವಾ ಅಂಕಲ್?”

“ಶೆಡ್ಡಿನ ಟ್ಯೂಬ್‌ಲೈಟಿನವು.”

ನನಗೆ ನಗು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. “ಹಾಗಾದ್ರೆ ನೀವು ಓಡಿಸಿದ್ದಾದ್ರೂ ನಿಜವಾ?” ಎಂದು ನೇರವಾಗಿ ಕೇಳಿಬಿಟ್ಟೆ. ಆಗ ಅವರು ನನ್ನನ್ನು ನೋಡಿದರು. ಆ ಕಣ್ಣುಗಳಲ್ಲಿ ಇದ್ದದ್ದು ಕೋಪವಲ್ಲ, ಹೆದರಿಕೆ.

“ನಿಜ ಅಕ್ಕಾ. ಆದ್ರೆ ಈಗ ನನ್ನ ಮುಖ ಬಿಟ್ರೆ ತೋರ್ಸೋಕೆ ಏನೂ ಇಲ್ಲ.”

ನಾಲ್ಕು ಗಂಟೆ

ಪುವಾನ್ ರೊಸ್ನಾ ನಾಲ್ಕು ಎಂದರೆ ನಾಲ್ಕಕ್ಕೇ ಬಂದರು. ಐವತ್ತರ ಹೆಂಗಸು, ತಲೆಗೆ ನೀಲಿ ವಸ್ತ್ರ, ಕೈಯಲ್ಲಿ ಟಾರ್ಚು. ಹಾರ ಹಾಕಿದ ಕಾರನ್ನೂ ಚಕ್ರದ ಕೆಳಗಿನ ನಿಂಬೆಹಣ್ಣನ್ನೂ ನೋಡಿ ಏನೂ ಕೇಳದೆ ಎಡ ಬಾಗಿಲಿಗೆ ಹೋದರು. ನನಗೆ ತಡೆಯಲಾಗಲಿಲ್ಲ. “ಐ ವೈಪ್ಡ್ ಇಟ್ ಮೇಡಂ. ದಿಸ್ ಮಾರ್ನಿಂಗ್. ವಿತ್ ಕೋಕನಟ್ ಆಯಿಲ್” ಎಂದೆ. ಅಪರಾಧದ ವಿವರದಲ್ಲಿ ಎಣ್ಣೆಯ ಹೆಸರು ಏಕೆ ಬೇಕಿತ್ತೋ.

ಇಲ್ಲಿಗೆ ಬಿಟ್ಟಿದ್ದರೂ ಆಗುತ್ತಿತ್ತು. ತಪ್ಪು ನನ್ನ ತಲೆಗೆ ಬರುತ್ತಿತ್ತು, ಫೋಟೊ ಇತ್ತು, ಹೇಗೋ ಒಪ್ಪಿಬಿಡುತ್ತಿದ್ದರೇನೋ. ಆರುಮುಗಂ ಮುಂದೆ ಬಂದು ಮಲಯ ಭಾಷೆಯಲ್ಲಿ ಎಲ್ಲವನ್ನೂ ಹೇಳಿದರು. ಸೀಮೆಎಣ್ಣೆ, ಟ್ರ್ಯಾಕ್ ಒಡೆದ ದಿನ, ಎರಡನೇ ಬರಹ. ತಮ್ಮ ನನ್ನ ಕಿವಿಯಲ್ಲಿ ಕನ್ನಡದಲ್ಲಿ ಹೇಳುತ್ತಿದ್ದ, ಅವನ ಉಸಿರು ಬಿಸಿಯಾಗಿತ್ತು. ರೊಸ್ನಾ ಟಾರ್ಚು ಆರಿಸಿದರು.

“ಆ ಬರಹ ಇದ್ದಿದ್ದರೆ ನಾನು ನಂಬುತ್ತಿದ್ದೆ,” ಎಂದರು. “ಈ ಕಾರು ಹನ್ನೆರಡು ಗಂಟೆ ಮುಗಿಸಿತು ಅಂತ ಬೋರ್ಡ್ ಹಾಕಿಸುತ್ತಿದ್ದೆ. ನನ್ನ ಹೆಸರಿನಲ್ಲಿ.”

ನಾನು ಅಷ್ಟು ಉಜ್ಜಿ ಉಜ್ಜಿ ತೆಗೆದದ್ದು ಒಂದು ಸುಳ್ಳನ್ನು, ಬೇಕೆಂದು ತೆಗೆದದ್ದೂ ಅಲ್ಲ.

ರೊಸ್ನಾ ಒಳಗಿನ ಪೈಪುಗಳ ಮೇಲೆ ಓಟ ನಡೆಸಿದವರು ಒತ್ತಿದ್ದ ಗುರುತುಗಳನ್ನು ತಾವು ತಂದಿದ್ದ ಪಟ್ಟಿಯ ಜೊತೆ ಹೋಲಿಸಿದರು. ಓಟ ಶುರು ಮಾಡಿದ ಕಾರುಗಳ ಪಟ್ಟಿ ಅದು. ಮೂವತ್ತೆಂಟು ಅದರಲ್ಲಿತ್ತು. ಎದ್ದು ನಿಂತು ಕೈ ಒರೆಸಿಕೊಂಡರು.

“ಶುರು ಮಾಡಿದ್ದಕ್ಕೆ ದಾಖಲೆ ಇದೆ. ಮುಗಿಸಿತು ಅಂತ ಹೇಳುವವರು ಯಾರು?”

“ನಾನು ಹೇಳ್ತೀನಿ,” ಎಂದರು ಆರುಮುಗಂ. ದನಿ ಬಹಳ ಸಣ್ಣದಾಗಿತ್ತು.

“ಹಾಗಾದರೆ ನೀವು ಹೇಳುತ್ತೀರಿ ಅಂತಲೇ ಬರೆಯಬೇಕು. ಹೇಳಿದವರ ಹೆಸರಿಲ್ಲದಿದ್ದರೆ ಅದು ಬರೀ ಗಾಳಿಮಾತು. ಪೂರ್ತಿ ಹೆಸರು ಹೇಳಿ.”

ಆರುಮುಗಂ ಅವರಿಗೆ ತಟ್ಟನೆ ಅರ್ಥವಾಗಲಿಲ್ಲ. ಸುಧಾಕರ ತಮಿಳಿನಲ್ಲಿ ಇನ್ನೊಮ್ಮೆ ಹೇಳಿದ. ಬಾಗಿಲಿನ ಮೇಲಿದ್ದ ಹನ್ನೆರಡು ಸಾಲಿನಲ್ಲಿ ಅವರು ತಮ್ಮ ಹೆಸರನ್ನೇ ಬರೆದುಕೊಂಡಿರಲಿಲ್ಲ ಎಂದು ಆಗ ನನಗೆ ಗೊತ್ತಾಯಿತು. ಅವರು ಶರ್ಟಿನ ಗುಂಡಿ ಸರಿಮಾಡಿಕೊಂಡು, ಮುತ್ತು ಅವರ ಮಗ ಆರುಮುಗಂ ಎಂದು ಹೇಳಿದರು. ಪ್ರದರ್ಶನದಲ್ಲಿ ಕಾರಿನ ಮುಂದಿಡುವ ಬೋರ್ಡಿಗೆಂದು ರೊಸ್ನಾ ಬರೆದುಕೊಂಡು ಓದಿದರು. ಈ ಕಾರು ಹನ್ನೆರಡು ಗಂಟೆಯ ಓಟವನ್ನು ಶುರು ಮಾಡಿದ್ದಕ್ಕೆ ದಾಖಲೆಯಿದೆ. ಮುಗಿಸಿತು ಎಂದು ಇದರ ಮೆಕ್ಯಾನಿಕ್, ಕೊನೆಯ ಎರಡು ಗಂಟೆ ಇದನ್ನು ಓಡಿಸಿದ, ಮುತ್ತು ಅವರ ಮಗ ಆರುಮುಗಂ ಹೇಳುತ್ತಾರೆ.

ಆರುಮುಗಂ ಇನ್ನೊಮ್ಮೆ ಓದಿಸಿದರು. ಮತ್ತೊಮ್ಮೆ ಓದಿಸಿದರು. ಕಣ್ಣು ಒರೆಸಿಕೊಳ್ಳಲೂ ಇಲ್ಲ, ನೀರು ಹಾಗೇ ಇಳಿಯುತ್ತಿತ್ತು. ಸುಧಾಕರ ನನ್ನ ಕೈ ಹಿಡಿದುಕೊಂಡ. ರೊಸ್ನಾ ಪುಸ್ತಕ ಮುಚ್ಚುವಾಗ ಆರುಮುಗಂ ತಡೆದರು.

“ಎಂಟನೇ ಗಂಟೆ ನನಗೆ ನೆನಪಿಲ್ಲ. ಅದನ್ನೂ ಬರೀರಿ.”

“ಅದು ಯಾಕೆ?”

“ಇಲ್ಲಾಂದ್ರೆ ಉಳಿದ ಹನ್ನೊಂದು ಗಂಟೇನ ಯಾರು ನಂಬ್ತಾರೆ ಲಾ?”

ರೊಸ್ನಾ ಮತ್ತೆ ಪುಸ್ತಕ ತೆರೆದರು.